'ದಿ ಎಕ್ಸಾರ್ಸಿಸ್ಟ್'ನಲ್ಲಿ ಉಸಿರಿನ ಹಬೆ, ಹೊಟ್ಟೆ ಮೇಲಿನ ಅಕ್ಷರ: ಕಂಪ್ಯೂಟರ್ ಇಲ್ಲದೆ ಹೇಗೆ ಮಾಡಿದರು?

'ದಿ ಎಕ್ಸಾರ್ಸಿಸ್ಟ್' ಎಂದರೆ ದೆವ್ವ ಹಿಡಿದ ಹುಡುಗಿಯನ್ನು ಪಾದ್ರಿಗಳು ಬಿಡಿಸಲು ಹೋಗುವ ಸಿನಿಮಾ. ಪಾದ್ರಿಗಳ ಉಸಿರಿನ ಹಬೆ, ಹುಡುಗಿಯ ಹೊಟ್ಟೆ ಮೇಲೆ ಮೂಡುವ ಅಕ್ಷರ, ನೀವು ಕೇಳಿದ ಈ ಎರಡೂ ದೃಶ್ಯಗಳನ್ನು ಕ್ಯಾಮೆರಾ ಮುಂದೆಯೇ ಮಾಡಿದ್ದಾರೆ. ಸಿನಿಮಾ ಬಂದದ್ದು 1973ರಲ್ಲಿ. ಆಗ ಇಂಥದ್ದನ್ನು ಕಂಪ್ಯೂಟರ್‌ನಲ್ಲಿ ಮಾಡುವ ದಾರಿಯೂ ಇರಲಿಲ್ಲ.

ಮೊದಲು ಪಾದ್ರಿಗಳ ಬಾಯಿಂದ ಬರುವ ಹಬೆ. ಅದು ನಿಜವಾದ ಉಸಿರು. ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ ಹುಡುಗಿಯ ಮಲಗುವ ಕೋಣೆಯನ್ನು ದೊಡ್ಡ ಫ್ರಿಜ್‌ನಂತೆ ಕಟ್ಟಿಸಿ, ಏರ್ ಕಂಡಿಷನರ್‌ಗಳಿಂದ ಸೊನ್ನೆಗಿಂತ ಎಷ್ಟೋ ಕೆಳಕ್ಕೆ ತಣ್ಣಗಾಗಿಸಿದರು. ಕೋಣೆ ತಣ್ಣಗಾದರಷ್ಟೇ ಸಾಲದು. ಹಬೆಯ ಹನಿಗಳು ತೀರಾ ಸಣ್ಣವು. ಬೆಳಕು ಹಿಂದಿನಿಂದ ಬಿದ್ದು, ಅದರ ಹಿನ್ನೆಲೆ ಕಪ್ಪಗಿದ್ದಾಗ ಮಾತ್ರ ಚೆನ್ನಾಗಿ ಕಾಣುತ್ತವೆ. ಎದುರಿನಿಂದ ಲೈಟ್ ಹಾಕಿದರೆ ಮಾಯ. ತೊಂದರೆ ಶುರುವಾಗುವುದೇ ಇಲ್ಲಿ, ಏಕೆಂದರೆ ಆ ಕಾಲದ ಲೈಟುಗಳು ಒಲೆಗಳಿದ್ದ ಹಾಗೆ. ಹೊತ್ತಿಸಿದ ಸ್ವಲ್ಪ ಹೊತ್ತಿಗೇ ಕೋಣೆ ಬೆಚ್ಚಗಾಗಿ ಹಬೆ ನಿಲ್ಲುತ್ತಿತ್ತು. ಶಾಟ್ ನಿಲ್ಲಿಸಿ ಮತ್ತೆ ತಣ್ಣಗಾಗುವವರೆಗೆ ಕಾಯಬೇಕು. ಇನ್ನೊಂದು ಕಡೆ ತೇವಾಂಶದ ಕಾಟ: ಒಂದು ಬೆಳಿಗ್ಗೆ ಸೆಟ್ ಮೇಲೆ ತೆಳುವಾಗಿ ಹಿಮವೇ ಕೂತಿತ್ತಂತೆ. ತಂಡದವರು ದಪ್ಪ ಕೋಟು ಹಾಕಿಕೊಂಡಿದ್ದರು, ಲಿಂಡಾ ಬ್ಲೇರ್ ಎಂಬ ಆ ಹುಡುಗಿ ಮಾತ್ರ ನೈಟ್‌ಗೌನ್‌ನಲ್ಲಿದ್ದಳು. ಮಗುವಿನಿಂದ ಇಷ್ಟು ಮಾಡಿಸಬಾರದಿತ್ತು ಎಂದೇ ನನ್ನ ಅಭಿಪ್ರಾಯ.

ಇನ್ನು ಹೊಟ್ಟೆಯ ಮೇಲೆ ಚರ್ಮದೊಳಗಿಂದ ಉಬ್ಬಿ ಬರುವ 'ಹೆಲ್ಪ್ ಮಿ'. ಇಡೀ ಚಿತ್ರದಲ್ಲಿ ಅತಿ ಜಾಣತನದ ಕೆಲಸ ಇದೇ. ಮೇಕಪ್ ಕಲಾವಿದ ಡಿಕ್ ಸ್ಮಿತ್ ಫೋಮ್ ಲೇಟೆಕ್ಸ್‌ನಲ್ಲಿ (ಸ್ಪಂಜಿನಂಥ ಮೆತ್ತನೆಯ ರಬ್ಬರ್) ಹುಡುಗಿಯ ಹೊಟ್ಟೆಯ ಪ್ರತಿರೂಪ ಮಾಡಿದರು. ಬಟ್ಟೆಯ ಕಲೆ ತೆಗೆಯಲು ಬಳಸುವಂಥ ದ್ರಾವಕದಲ್ಲಿ ಬ್ರಷ್ ಅದ್ದಿ ಅದರ ಮೇಲೆ ಅಕ್ಷರ ಬರೆದರು. ಲೇಟೆಕ್ಸ್ ಆ ದ್ರಾವಕವನ್ನು ಹೀರಿ ಊದಿಕೊಳ್ಳುತ್ತದೆ, ಬರೆದ ಗೆರೆಯಷ್ಟೇ ಬಾಸುಂಡೆಯಂತೆ ಏಳುತ್ತದೆ. ಆಮೇಲೆ ಬಿಸಿಗಾಳಿ ಹಾಯಿಸಿದರೆ ದ್ರಾವಕ ಆವಿಯಾಗಿ ಗೆರೆ ಮತ್ತೆ ಚಪ್ಪಟೆ. ಚಿತ್ರೀಕರಿಸಿದ್ದು ಈ ಇಳಿಯುವ ಭಾಗವನ್ನು. ಫಿಲ್ಮನ್ನು ಹಿಂದುಮುಂದಾಗಿ ಓಡಿಸಿದಾಗ ಬರಿ ಹೊಟ್ಟೆಯ ಮೇಲೆ ಅಕ್ಷರ ತಾನಾಗಿ ಮೂಡಿದಂತೆ ಕಾಣುತ್ತದೆ. ಬರೆಯುವುದನ್ನೇ ನೇರವಾಗಿ ತೆಗೆದಿದ್ದರೆ ಬ್ರಷ್ಷೂ ಕೈಯೂ ಚೌಕಟ್ಟಿನೊಳಗೆ ಬರುತ್ತಿದ್ದವು.

ಹುಡುಗಿ ಕಾರುವ ಹಸಿರು ವಾಂತಿ ಬಟಾಣಿ ಸೂಪು, ಅದನ್ನು ಪೈಪಿನಿಂದ ಚಿಮ್ಮಿಸಿದ್ದು. ಅದರಲ್ಲಿ ಅಂಥ ಗುಟ್ಟೇನಿಲ್ಲ.

ನೀವು ಕೇಳದೇ ಇದ್ದರೂ ಶಬ್ದದ ಬಗ್ಗೆ ಒಂದು ಹೇಳಲೇಬೇಕು. ಹುಡುಗಿಯ ತಲೆ ಪೂರ್ತಿ ಹಿಂದಕ್ಕೆ ತಿರುಗುವಾಗ ಕತ್ತಿನ ಮೂಳೆ ಲಟಲಟ ಎನ್ನುತ್ತದಲ್ಲ? ತಿರುಗುವುದು ಗೊಂಬೆ. ಶಬ್ದ ಮಾಡಿದವರು ಮೆಕ್ಸಿಕೋದ ಗೊಂಜಾಲೊ ಗವಿರಾ: ಕ್ರೆಡಿಟ್ ಕಾರ್ಡ್ ತುಂಬಿದ ಹಳೆಯ ಚರ್ಮದ ಪರ್ಸನ್ನು ಮೈಕಿನ ಹತ್ತಿರ ಹಿಡಿದು ಹಿಂಡಿದರು. ಆ ದೃಶ್ಯವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಬರೀ ಗೊಂಬೆ ಕಾಣುತ್ತದೆ.