ಡೆನ್ಮಾರ್ಕಿನ ಅಗ್ರ ಫುಟ್‌ಬಾಲ್ ಲೀಗ್ ಆದ ಸೂಪರ್‌ಲಿಗಾದ 2023-24ರ ಋತುವಿನಲ್ಲಿ ಮಿಟ್‌ಯುಲ್ಯಾಂಡ್ ಕ್ಲಬ್ ಕೊನೆಯ ಪಂದ್ಯವನ್ನು ಡ್ರಾ ಮಾಡಿಕೊಂಡೂ ಚಾಂಪಿಯನ್ ಆದದ್ದು ಹೇಗೆ?

ಉತ್ತರ ಅಂಕಪಟ್ಟಿಯಲ್ಲಿದೆ. ಸೂಪರ್‌ಲಿಗಾದ 12 ತಂಡಗಳು ಮೊದಲು ತಲಾ 22 ಪಂದ್ಯಗಳನ್ನಾಡುತ್ತವೆ. ಬಳಿಕ ಮೇಲಿನ ಆರು ಮತ್ತು ಕೆಳಗಿನ ಆರು ತಂಡಗಳು ಬೇರೆಬೇರೆ ಗುಂಪುಗಳಾಗಿ, ಅದುವರೆಗಿನ ಅಂಕಗಳನ್ನು ಉಳಿಸಿಕೊಂಡೇ, ಇನ್ನೂ 10 ಪಂದ್ಯಗಳನ್ನಾಡುತ್ತವೆ. ಈ ಏರ್ಪಾಡಿನಿಂದ ಪ್ರಬಲ ತಂಡಗಳು ಕೊನೆಯ ವಾರಗಳಲ್ಲಿ ಮತ್ತೆಮತ್ತೆ ಎದುರಾಗುವುದರಿಂದ ಪೈಪೋಟಿ ಸುಲಭವಾಗಿ ಸಡಿಲುವುದಿಲ್ಲ.

2024ರ ಮೇ 26ರಂದು, ಅಂತಿಮ ಸುತ್ತಿಗೆ ಮುನ್ನ, ಬ್ರೊಂಡ್‌ಬಿ ಮತ್ತು ಮಿಟ್‌ಯುಲ್ಯಾಂಡ್ ಎರಡೂ 62 ಅಂಕ ಗಳಿಸಿದ್ದವು. ಗೋಲು ವ್ಯತ್ಯಾಸದಲ್ಲಿ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರ) ಬ್ರೊಂಡ್‌ಬಿ ಮುಂದಿದ್ದುದರಿಂದ, ತವರಿನಲ್ಲಿ ಗೆದ್ದಿದ್ದರೆ ಪ್ರಶಸ್ತಿ ಬಹುಮಟ್ಟಿಗೆ ಅದರದ್ದೇ ಆಗುತ್ತಿತ್ತು. ಆದರೆ ಅದು ಆರ್ಹುಸ್ ನಗರದ ಎಜಿಎಫ್ ಎದುರು 2-3ರಿಂದ ಸೋತಿತು. ಅದೇ ಹೊತ್ತಿಗೆ ಹರ್ನಿಂಗ್‌ನಲ್ಲಿ ಸಿಲ್ಕೆಬೋರ್ಗ್ ಜೊತೆ 3-3ರ ಡ್ರಾ ಸಾಧಿಸಿದ ಮಿಟ್‌ಯುಲ್ಯಾಂಡ್‌ಗೆ ದೊರೆತ ಒಂದೇ ಅಂಕ ಸಾಕಾಯಿತು: 63 ಅಂಕಗಳೊಂದಿಗೆ, 2015, 2018 ಮತ್ತು 2020ರ ನಂತರ, ನಾಲ್ಕನೆಯ ಪ್ರಶಸ್ತಿ. ಎಫ್‌ಸಿ ಕೋಪನ್‌ಹೇಗನ್ ಮೂರನೆಯ ಸ್ಥಾನ ಪಡೆಯಿತು.

ನನ್ನ ಮಟ್ಟಿಗೆ ಆ ಋತುವಿನ ಹೆಚ್ಚು ನೋವಿನ ಸಂಗತಿಯೆಂದರೆ, ವಿದೊರೆ ಕ್ಲಬ್‌ನ ಜೊತೆಗೆ ಒಡೆನ್ಸದ ಹೆಸರಾಂತ ಹಳೆಯ ಕ್ಲಬ್ ಓಬಿ ಕೂಡ ಎರಡನೆಯ ದರ್ಜೆಗೆ ಇಳಿದದ್ದು.