ಕಾಣದ ಲಿಂಗಕ್ಕೆ ಅಷ್ಟು ದೂರ ಯಾಕೆ?

ದಾವಣಗೆರೆಯ ಓದುಗರಿಗೆ ನಮಸ್ಕಾರ.

ರಜೆಗೆ ಅತ್ತೆಯವರನ್ನೂ ಮಗನನ್ನೂ ಕರೆದುಕೊಂಡು ಕರಾವಳಿಗೆ ಹೊರಟಿದ್ದೀರಿ. ‘ಮುರುಡೇಶ್ವರದಲ್ಲಿ ಅಷ್ಟು ದೊಡ್ಡ ಶಿವ ಇದ್ದಾನೆ. ಗೋಕರ್ಣದಲ್ಲಿ ಲಿಂಗವೇ ಸರಿಯಾಗಿ ಕಾಣಲ್ಲವಂತೆ. ಅದನ್ನು ಬಿಟ್ಟರೆ ಆಗಲ್ವಾ?’ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಕಥೆ ನಿಮಗೆ ಗೊತ್ತಿರುವುದೇ. ರಾವಣ ತಾಯಿಗಾಗಿ ಕೈಲಾಸದಿಂದ ಆತ್ಮಲಿಂಗ ತರುತ್ತಿದ್ದ. ನೆಲಕ್ಕೆ ಇಡುವಂತಿರಲಿಲ್ಲ, ಇಟ್ಟರೆ ಅಲ್ಲೇ ಊರಿಬಿಡುತ್ತಿತ್ತು. ವಿಷ್ಣು ಸೂರ್ಯನನ್ನು ಮರೆ ಮಾಡಿದ. ಸಂಜೆಯಾಯಿತೆಂದು ರಾವಣ ಲಿಂಗವನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಸಂಧ್ಯಾವಂದನೆಗೆ ಹೋದ. ಆ ಹುಡುಗ ಗಣಪತಿ. ಮೂರು ಸಲ ಕೂಗಿ, ಕೆಳಗಿಟ್ಟುಬಿಟ್ಟ.

ಗೋಕರ್ಣದಲ್ಲಿ ಮೊದಲು ಈ ಗಣಪತಿಯನ್ನೇ ನೋಡಿ. ಅಲ್ಲಿನ ಪದ್ಧತಿಯೂ ಅದೇ. ಎರಡೇ ಕೈ, ನಿಂತಿರುವ ಮೂರ್ತಿ. ತಲೆಯ ಮೇಲೆ ಒಂದು ತಗ್ಗಿದೆ. ಸಿಟ್ಟು ಬಂದ ರಾವಣ ಗುದ್ದಿದ ಗುರುತು ಅಂತ ಹೇಳುತ್ತಾರೆ. ಮಗನಿಗೆ ಅದನ್ನು ತೋರಿಸಿ. ಏಟು ತಿಂದ ಹುಡುಗನಿಗೇ ಆ ಊರಲ್ಲಿ ಮೊದಲ ಪೂಜೆ ಅಂದರೆ ಯಾವ ಮಗುವಿಗೆ ಖುಷಿಯಾಗಲ್ಲ!

ಆಮೇಲೆ ಪಕ್ಕದ ಮಹಾಬಲೇಶ್ವರ ಗುಡಿ, ಆತ್ಮಲಿಂಗ ಇರುವುದು ಇಲ್ಲೇ. ಲಿಂಗ ಕಾಣಲ್ಲ ಎಂಬುದು ನಿಜ. ಪೀಠದ ನಡುವೆ ಒಂದು ಸಣ್ಣ ತೂತು. ಅದರೊಳಗೆ ಬೆರಳು ಇಳಿಸಿದರೆ ಲಿಂಗದ ತುದಿ ತಾಗುತ್ತದೆ. ರಾವಣ ಎಳೆದೂ ತಿರುಚಿಯೂ ಕಿತ್ತು ಬಾರದ ಲಿಂಗ ಇದೇ ಎಂಬ ನಂಬಿಕೆ. ಪೂರ್ತಿ ನೋಡಬೇಕೆಂದರೆ 40 ವರ್ಷಕ್ಕೊಮ್ಮೆ ನಡೆಯುವ ಅಷ್ಟಬಂಧಕ್ಕೆ, ಅಂದರೆ ಎಂಟು ದ್ರವ್ಯಗಳ ಅಂಟಿನಿಂದ ಲಿಂಗವನ್ನು ಪೀಠದಲ್ಲಿ ಮತ್ತೆ ಭದ್ರ ಮಾಡುವ ವಿಧಿಗೆ, ಕಾಯಬೇಕು. ದೂರದಿಂದ ಕೈಮುಗಿದು ಬರುವ ಗುಡಿಗಳು ನಮಗೆ ಬೇಕಾದಷ್ಟಿವೆ. ಇಲ್ಲಿ ದೇವರು ಬೆರಳಿಗೆ ಸಿಗುತ್ತಾನೆ. ನನಗೆ ಕೇಳಿದರೆ ಯಾವ ಎತ್ತರದ ಮೂರ್ತಿಗಿಂತಲೂ ಇದು ಹೆಚ್ಚು.

ಹಾಗಂತ ಮುರುಡೇಶ್ವರ ಬಿಡಿ ಎನ್ನುತ್ತಿಲ್ಲ. ಸೋತ ರಾವಣ ಲಿಂಗದ ಪೆಟ್ಟಿಗೆ, ಮುಚ್ಚಳ, ದಾರ, ಬಟ್ಟೆ ಎಲ್ಲವನ್ನೂ ಎಸೆದನಂತೆ. ಬಿದ್ದಲ್ಲೆಲ್ಲ ಒಂದೊಂದು ಶಿವನ ಗುಡಿ. ಕಾರವಾರದ ಬಳಿ ಸೆಜ್ಜೇಶ್ವರ, ಗೋಕರ್ಣದಿಂದ ದಕ್ಷಿಣಕ್ಕೆ ಧಾರೇಶ್ವರ, ಗುಣವಂತೆ, ಕೊನೆಗೆ ಬಟ್ಟೆ ಬಿದ್ದ ಮುರುಡೇಶ್ವರ. ಗೋಕರ್ಣ ಸೇರಿದರೆ ಪಂಚಕ್ಷೇತ್ರ. 123 ಅಡಿಯ ಶಿವನ ಕೆಳಗಿನ ಗುಹೆಯಲ್ಲಿ ಇದೇ ಕಥೆಯನ್ನು ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಗೋಕರ್ಣ ನೋಡಿ ಬಂದ ಮಗುವಿಗೆ ಅಲ್ಲಿ ಯಾರೂ ಏನೂ ವಿವರಿಸಬೇಕಾಗಿಲ್ಲ. ಅದಕ್ಕೇ ಮೊದಲು ಗೋಕರ್ಣ, ಆಮೇಲೆ ಹೆದ್ದಾರಿ 66 ಹಿಡಿದು ದಕ್ಷಿಣಕ್ಕೆ ಬನ್ನಿ. ಧಾರೇಶ್ವರದಲ್ಲೂ ಗುಣವಂತೆಯಲ್ಲೂ ಜನ ಕಡಿಮೆ. ಅತ್ತೆಯವರು ಅಲ್ಲಿ ನಿಧಾನವಾಗಿ ಕೂತು ದಣಿವಾರಿಸಿಕೊಳ್ಳಬಹುದು.

ಶಿವರಾತ್ರಿಯ ಹೊತ್ತಿಗೆ ಹೋಗಬೇಡಿ. ತೇರು ನೋಡಲು ಚೆಂದ, ಆದರೆ ವಯಸ್ಸಾದವರಿಗೆ ಆ ನೂಕುನುಗ್ಗಲು ಆಗಲ್ಲ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು, ಯಜಮಾನರಿಗೆ ಒಂದು ಪಂಚೆ ಇಟ್ಟುಕೊಳ್ಳಿ. ಗುಡಿ ಎದುರಿನ ಕಡಲು ಶಾಂತವಾಗಿ ಕಂಡರೂ ಸೆಳೆತ ಜಾಸ್ತಿ. ಮಗನನ್ನು ಒಬ್ಬನೇ ನೀರಿಗೆ ಬಿಡಬೇಡಿ.