ಅಕ್ವೇರಿಯಂ ಲೈಟ್ ರಾತ್ರಿಯಿಡೀ ಉರಿಯಬಹುದೇ?

ಪ್ರಶ್ನೆ: ನಮ್ಮ ಮನೆ ಹಾಲ್‌ನಲ್ಲಿ ಅಕ್ವೇರಿಯಂ ಇದೆ. ನಿಯಾನ್ ಟೆಟ್ರಾಗಳು, ಎರಡು ಕ್ಲೌನ್ ಲೋಚ್, ಒಂದು ಸಕ್ಕರ್ ಮೀನು ಇವೆ. ನೈಟ್ ಲ್ಯಾಂಪ್ ಥರ ಇರಲಿ ಅಂತ ಅದರ ಲೈಟನ್ನು ರಾತ್ರಿಯೂ ಆರಿಸುವುದಿಲ್ಲ. ಮೊನ್ನೆ ಮಳೆಗೆ ಕರೆಂಟ್ ಹೋಗಿತ್ತು. ನಡುರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಟೆಟ್ರಾಗಳ ಬಣ್ಣವೇ ಮಾಸಿತ್ತು, ಒಂದು ಲೋಚ್ ಕಲ್ಲಿನ ಪಕ್ಕ ಮಗ್ಗುಲಾಗಿ ಬಿದ್ದಿತ್ತು. ಬೆಳಿಗ್ಗೆ ಎಲ್ಲವೂ ಆರಾಮಾಗಿದ್ದವು. ಇದೇನು ಕಾಯಿಲೆಯೇ? ಮೀನು ನಿದ್ದೆಯೇ ಮಾಡುವುದಿಲ್ಲ ಅಂತಾರೆ ನಮ್ಮತ್ತೆ.
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಗಾಬರಿ ಬೇಡ, ನಿಮ್ಮ ಮೀನುಗಳು ಮಲಗಿದ್ದವು, ಅಷ್ಟೇ. ಇವಕ್ಕೆ ರೆಪ್ಪೆ ಇಲ್ಲ, ಕಣ್ಣು ಮುಚ್ಚುವುದಿಲ್ಲ. ಅತ್ತೆಯವರಿಗೆ ಹಾಗನ್ನಿಸಿದ್ದು ಸಹಜವೇ. ಆದರೆ ಮೀನಿಗೂ ನಿದ್ದೆ ಉಂಟು.

ಟೆಟ್ರಾಗಳ ಮೈಮೇಲಿನ ಆ ಹೊಳೆಯುವ ನೀಲಿ ಗೆರೆ ಕತ್ತಲಲ್ಲಿ ಮಂಕಾಗುತ್ತದೆ. ಬೆಳಕು ಬಂದ ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನಂತಾಗುತ್ತದೆ. ಲೋಚ್‌ಗಳಂತೂ ಸತ್ತೇ ಹೋದವೇನೋ ಅನ್ನುವ ಹಾಗೆ ಮಗ್ಗುಲಾಗಿ ಬಿದ್ದುಕೊಳ್ಳುತ್ತವೆ. ಅದು ಅವುಗಳ ಅಭ್ಯಾಸ. ಅನುಮಾನ ಬಂದರೆ ಕಿವಿರು ನೋಡಿ. ನಿಧಾನಕ್ಕೆ, ಒಂದೇ ಸಮನೆ ಆಡುತ್ತಿದ್ದರೆ ನಿದ್ದೆ. ಪಟಪಟ ಬಡಿಯುತ್ತಿದ್ದರೆ, ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ, ಹಗಲಲ್ಲೂ ಊಟ ಬೇಡ ಅಂತ ಬಿದ್ದಿದ್ದರೆ ಮಾತ್ರ ಚಿಂತೆ ಮಾಡಬೇಕು.

ನನ್ನ ಚಿಂತೆ ಇರುವುದು ಆ ಲೈಟಿನ ಬಗ್ಗೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಪಟ್ಟೆಪಟ್ಟೆ ಜೀಬ್ರಾ ಮೀನು ಗೊತ್ತಲ್ವಾ? ಅದರ ನಿದ್ದೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಲೈಟ್ ಉರಿಯುತ್ತಲೇ ಇದ್ದಾಗ ಈ ಮೀನುಗಳು ನಿದ್ದೆಯನ್ನೇ ಬಿಟ್ಟಿದ್ದು ಕಂಡಿತು. 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮರಿ ಜೀಬ್ರಾ ಮೀನಿನ ಮೈ ಪಾರದರ್ಶಕ, ಮಿದುಳಿನ ಕೆಲಸವನ್ನು ಹೊರಗಿನಿಂದಲೇ ನೋಡಬಹುದು. ನಿದ್ದೆ ಹತ್ತಿದಾಗ ಎದೆಬಡಿತ ನಿಧಾನವಾಗಿ, ಸ್ನಾಯು ಸಡಿಲವಾಗಿ, ಮಿದುಳಿನಲ್ಲಿ ನಮ್ಮ ನಿದ್ದೆಯನ್ನು ಹೋಲುವ ಅಲೆಗಳೇ ಕಂಡವು. ಹಾಗಾಗಿ, ದಯವಿಟ್ಟು ರಾತ್ರಿ ಲೈಟ್ ಆರಿಸಿ. ದಿನಕ್ಕೆ 8ರಿಂದ 10 ಗಂಟೆ ಬೆಳಕು ಸಾಕು. ಜಾಸ್ತಿ ಉರಿಸಿದರೆ ಗಾಜಿಗೆ ಪಾಚಿಯೂ ಬೇಗ ಹಿಡಿಯುತ್ತದೆ. ಒಂದು ಟೈಮರ್ ಪ್ಲಗ್ ಹಾಕಿಬಿಟ್ಟರೆ ಮರೆಯುವ ಮಾತೇ ಇಲ್ಲ. ಹಾಲ್‌ನಲ್ಲಿ ತಡರಾತ್ರಿವರೆಗೆ ಟಿವಿ ನೋಡುವವರಿದ್ದರೆ ಗಾಜಿನ ಮೇಲೊಂದು ಬಟ್ಟೆ ಇಳಿಬಿಡಿ. ಬೆಳಿಗ್ಗೆ ಮೊದಲು ಕಿಟಕಿ ತೆರೆಯಿರಿ, ಆಮೇಲೆ ಲೈಟ್. ಕತ್ತಲಿಂದ ದಿಢೀರನೆ ಬೆಳಕಾದರೆ ಮೀನು ಬೆದರಿ ಗಾಜಿಗೆ ಗುದ್ದಿಕೊಳ್ಳುತ್ತದೆ.

ಸಕ್ಕರ್ ಮೀನಿನ ಲೆಕ್ಕ ಉಲ್ಟಾ. ಹಗಲೆಲ್ಲ ಮೂಲೆಯಲ್ಲಿ ಅಂಟಿಕೊಂಡಿದ್ದು ಕತ್ತಲಾದ ಮೇಲೆ ಓಡಾಡುತ್ತದೆ. ಅದರ ಆಹಾರವನ್ನು ಲೈಟ್ ಆರಿಸಿದ ಮೇಲೆ ಹಾಕಿ. ಇಲ್ಲದಿದ್ದರೆ ಉಳಿದವು ಖಾಲಿ ಮಾಡುತ್ತವೆ.

ಲೈಟ್ ಆರಿಸುವಾಗ ಏರ್ ಪಂಪ್ ಮಾತ್ರ ಆರಿಸಬೇಡಿ. ರಾತ್ರಿ ಗಿಡಗಳೂ ನೀರಿನ ಆಮ್ಲಜನಕ ಬಳಸುತ್ತವೆ. ಮಳೆಗಾಲದ ಕರೆಂಟ್ ಗೊತ್ತೇ ಇದೆ, ಬ್ಯಾಟರಿ ಪಂಪ್ ಒಂದು ಮನೆಯಲ್ಲಿರಲಿ. ಡಿಸೆಂಬರ್ ಚಳಿಗೆ ಹೀಟರ್ ಕೂಡ ಬೇಕು: ಲೋಚ್‌ಗೆ 25 ಡಿಗ್ರಿಗಿಂತ ತಣ್ಣಗಿನ ನೀರು ಒಗ್ಗುವುದಿಲ್ಲ.